ಬೂಟಿನಲ್ಲಿಟ್ಟ ದುಡ್ಡು, ಹಂಚಿಕೊಂಡ ಮೈದಾನ

1957ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಹವ್ಯಾಸಿ ಫುಟ್‌ಬಾಲ್ ತಂಡಗಳ ಫೈನಲ್ ನಡೆಯಿತು. ಒಂದು ಕಡೆ ಈಶಾನ್ಯ ಇಂಗ್ಲೆಂಡಿನ ಕಲ್ಲಿದ್ದಲು ಸೀಮೆಯ ಬಿಷಪ್ ಆಕ್ಲೆಂಡ್, ಇನ್ನೊಂದು ಕಡೆ ಕುರ್ಚಿ ತಯಾರಿಕೆಗೆ ಹೆಸರಾದ ಹೈ ವಿಕಂಬ್ ಪಟ್ಟಣದ ವಿಕಂಬ್ ವಾಂಡರರ್ಸ್. ಬಿಷಪ್ ಆಕ್ಲೆಂಡ್ 3-1ರಿಂದ ಗೆದ್ದಿತು. ಇಂಗ್ಲೆಂಡಿನ ಫುಟ್‌ಬಾಲ್ ಸಂಘದ, ಅಂದರೆ ಎಫ್.ಎ.ಯ, ಅಮೆಚೂರ್ ಕಪ್ ಆ ಊರಿಗೆ ಸತತ ಮೂರನೇ ವರ್ಷ, ಒಟ್ಟು ಹತ್ತನೇ ಸಲ ಬಂತು. ಬೇರೆ ಯಾವ ಕ್ಲಬ್ಬೂ ಆ ಕಪ್ಪನ್ನು ಹತ್ತು ಸಲ ಗೆದ್ದಿಲ್ಲ. ಇನ್ನು ಗೆಲ್ಲುವಂತೆಯೂ ಇಲ್ಲ, ಆ ಪಂದ್ಯಾವಳಿಯೇ 1974ರಲ್ಲಿ ನಿಂತುಹೋಯಿತು.

ಅಂದು ಸೋತ ವಿಕಂಬ್ 1993ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಿಗೆ ಬಡ್ತಿ ಪಡೆಯಿತು, 2020ರಲ್ಲಿ ಪ್ರೀಮಿಯರ್ ಲೀಗಿನ ಒಂದೇ ಮೆಟ್ಟಿಲು ಕೆಳಗಿನ ಚಾಂಪಿಯನ್‌ಶಿಪ್‌ವರೆಗೂ ಏರಿತು. ಗೆದ್ದ ಬಿಷಪ್ ಆಕ್ಲೆಂಡ್ ಈ ಶತಮಾನದ ಬಹುಪಾಲನ್ನು ಕೆಲವು ನೂರು ಪ್ರೇಕ್ಷಕರ ಎದುರು ಪ್ರಾದೇಶಿಕ ಲೀಗಿನಲ್ಲಿ ಆಡುತ್ತಾ ಕಳೆದಿದೆ. ಹೀಗೇಕಾಯಿತು ಎಂದು ಕೇಳಿದರೆ ಸಿದ್ಧ ಉತ್ತರವೊಂದು ಇಂಗ್ಲೆಂಡಿನಲ್ಲೂ ಇದೆ, ಇಲ್ಲಿ ಕೂತು ಆಟ ನೋಡುವ ನಮ್ಮಲ್ಲೂ ಇದೆ: ದುಡ್ಡು ಬಂತು, ಆಟ ಕೆಟ್ಟಿತು, ಸಣ್ಣ ಊರಿನ ನಿಷ್ಕಲ್ಮಶ ಕ್ಲಬ್ಬುಗಳು ನೆಲಕಚ್ಚಿದವು. ಕೇಳಲು ಹಿತವಾದ ಈ ಉತ್ತರಕ್ಕೆ ಬಿಷಪ್ ಆಕ್ಲೆಂಡ್‌ನ ಚರಿತ್ರೆ ಎಲ್ಲೂ ಸಾಕ್ಷಿ ಹೇಳುವುದಿಲ್ಲ. ದುಡ್ಡು ಅಲ್ಲಿ ಮೊದಲಿನಿಂದಲೂ ಇತ್ತು. ಇಲ್ಲದಿದ್ದದ್ದು ಎರಡು: ತನ್ನದೇ ಎನ್ನುವ ಒಂದು ತುಂಡು ನೆಲ, ಮತ್ತು ಕಾಲ ಬದಲಾದಾಗ ಹೊಸ ಏಣಿಗೆ ಕಾಲಿಡುವ ಮನಸ್ಸು.

ಡರ್ಹಂ ಕೌಂಟಿಯ ಈ ಪುಟ್ಟ ಪಟ್ಟಣಕ್ಕೆ ಎರಡು ಮುಖ. ಡರ್ಹಂನ ಬಿಷಪ್ಪರು ಶತಮಾನಗಳ ಕಾಲ ಇಲ್ಲಿನ ಆಕ್ಲೆಂಡ್ ಕ್ಯಾಸಲ್‌ನಲ್ಲಿ ವಾಸವಾಗಿದ್ದರು. ಒಂದು ಕಾಲದಲ್ಲಿ ಅವರಿಗೆ ಸಾಮಂತ ರಾಜರಷ್ಟೇ ಅಧಿಕಾರವಿತ್ತು. ಸ್ಪೇನಿನ ಚಿತ್ರಕಾರ ಜುರ್ಬರಾನ್‌ನ ಆಳೆತ್ತರದ ಚಿತ್ರಗಳನ್ನು ಹದಿನೆಂಟನೇ ಶತಮಾನದಲ್ಲೇ ಕೊಂಡು ಊಟದ ಮನೆಯಲ್ಲಿ ನೇತುಹಾಕಿದ ವೈಭವ ಅದು. ಕೋಟೆಯ ಗೋಡೆಯಾಚೆ ಇದ್ದದ್ದು ಗಣಿ, ರೈಲು, ಕಬ್ಬಿಣದ ಕುಲುಮೆ. 1825ರಲ್ಲಿ ಸ್ಟಾಕ್‌ಟನ್ ಮತ್ತು ಡಾರ್ಲಿಂಗ್ಟನ್ ರೈಲು ಮೊದಲ ಸಲ ಹೊರಟಾಗ ಉಗಿಬಂಡಿ ಗಾಡಿಗಳನ್ನು ಎಳೆಯಲು ಶುರುಮಾಡಿದ್ದು ಪಕ್ಕದ ಶಿಲ್ಡನ್‌ನಿಂದ.

ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು ಗಣಿಯ ಕಡೆಯಿಂದಲ್ಲ, ಕೋಟೆಯ ಕಡೆಯಿಂದ. 1879ರಿಂದ 1889ರವರೆಗೆ ಡರ್ಹಂನ ಬಿಷಪ್ ಆಗಿದ್ದ ಜೋಸೆಫ್ ಬಾರ್ಬರ್ ಲೈಟ್‌ಫುಟ್, ಪಾದ್ರಿಗಳಾಗಬೇಕಿದ್ದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಪದವೀಧರರನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತಿದ್ದ. ಆ ಹುಡುಗರು ಊರಲ್ಲಿ ಚೆಂಡಾಟ ಕಟ್ಟಿದರು. ಇಂದಿಗೂ ಕ್ಲಬ್ಬಿನ ಅಂಗಿ ತಿಳಿನೀಲಿ ಮತ್ತು ಕಡುನೀಲಿ: ಒಂದು ಕೇಂಬ್ರಿಜ್‌ನ ಬಣ್ಣ, ಇನ್ನೊಂದು ಆಕ್ಸ್‌ಫರ್ಡಿನದು. ಪಾದ್ರಿಗಳು ಓದು ಮುಗಿಸಿ ಹೊರಟರು, ಆಟ ಗಣಿ ಕಾರ್ಮಿಕರ ಮಕ್ಕಳ ಕಾಲಿಗೆ ಬಂತು. ಜಗತ್ತಿನ ಎರಡನೆಯ ಅತಿ ಹಳೆಯ ಲೀಗ್ ಎನ್ನಿಸಿಕೊಂಡ ನಾರ್ದರ್ನ್ ಲೀಗ್ 1889ರಲ್ಲಿ ಶುರುವಾದಾಗ ಈ ಊರಿನ ತಂಡ ಅದರಲ್ಲಿತ್ತು.

ಇಂಗ್ಲೆಂಡಿನಲ್ಲಿ ಆಟಗಾರರಿಗೆ ಸಂಬಳ ಕೊಡುವುದು 1885ರಲ್ಲಿ ಕಾನೂನುಬದ್ಧವಾಯಿತು. ಕಾರ್ಖಾನೆ ಊರುಗಳ ಕ್ಲಬ್ಬುಗಳು ಸಂಬಳ ಕೊಟ್ಟು ಗೆಲ್ಲತೊಡಗಿದ ಮೇಲೆ ಸಂಬಳ ತೆಗೆದುಕೊಳ್ಳದವರಿಗಾಗಿ 1893ರಲ್ಲಿ ಅಮೆಚೂರ್ ಕಪ್ ಸ್ಥಾಪನೆಯಾಯಿತು. ಮೊದಲ ಕಪ್ ಗೆದ್ದದ್ದು ಓಲ್ಡ್ ಕಾರ್ಥೂಸಿಯನ್ಸ್, ಅಂದರೆ ಚಾರ್ಟರ್‌ಹೌಸ್ ಎಂಬ ಸಿರಿವಂತರ ಶಾಲೆಯ ಹಳೆಯ ವಿದ್ಯಾರ್ಥಿಗಳು. ಬಿಷಪ್ ಆಕ್ಲೆಂಡ್ 1896ರಲ್ಲಿ ಗೆದ್ದಿತು. ನಾರ್ದರ್ನ್ ಲೀಗ್ 1906ರಿಂದ ಪೂರ್ತಿ ಹವ್ಯಾಸಿ ಲೀಗ್ ಆಯಿತು.

ಹವ್ಯಾಸಕ್ಕಾಗಿ ಆಡು, ಕಾಸಿಗಾಗಿ ಆಡಬೇಡ. ಮನೆಯಲ್ಲಿ ಆಸ್ತಿ ಇದ್ದವನಿಗೆ ಇದು ಆದರ್ಶ. ಶನಿವಾರದ ಪಾಳಿ ತಪ್ಪಿಸಿಕೊಂಡು ಬರುವ ಗಣಿ ಕಾರ್ಮಿಕನಿಗೆ ಇದು ಕೂಲಿ ಕಡಿತ. ಆಟಕ್ಕಾಗಿ ಕಳೆದುಕೊಂಡ ಆ ಕೂಲಿಯನ್ನಾದರೂ ತುಂಬಿಕೊಡಬಹುದೇ ಎಂಬ ಪ್ರಶ್ನೆಯ ಮೇಲೆ ರಗ್ಬಿ ಆಟ 1895ರಲ್ಲಿ ಎರಡಾಗಿ ಒಡೆಯಿತು. ಫುಟ್‌ಬಾಲಿನಲ್ಲಿ 1928ರಲ್ಲಿ ಬ್ರಿಟನ್ನಿನ ನಾಲ್ಕೂ ಸಂಘಗಳು ಫಿಫಾದಿಂದಲೇ ಹೊರನಡೆದವು, ಒಲಿಂಪಿಕ್ಸ್‌ನ ಹವ್ಯಾಸಿಗಳಿಗೆ ಕಳೆದ ಕೂಲಿ ತುಂಬಿಕೊಡಬಹುದು ಎಂದು ಫಿಫಾ ಒಪ್ಪಿದ್ದೇ ತಪ್ಪಾಗಿ. ಮೊದಲ ಮೂರು ವಿಶ್ವಕಪ್‌ಗಳಲ್ಲಿ ಇಂಗ್ಲೆಂಡ್ ಕಾಣದಿರುವುದರ ಹಿಂದೆ ಈ ಹಠವೂ ಇದೆ.

ಅದೇ ಋತುವಿನಲ್ಲಿ, 1927-28ರಲ್ಲಿ, ಬಿಷಪ್ ಆಕ್ಲೆಂಡ್‌ನಿಂದ ಐದಾರು ಮೈಲಿ ದೂರದ ಕ್ರೂಕ್ ಟೌನ್ ತನ್ನ ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟ ಆರೋಪಕ್ಕೆ ಸಿಕ್ಕಿಬಿತ್ತು. ನಾವೊಬ್ಬರೇ ಏನು, ಎಲ್ಲರೂ ಕೊಡುತ್ತಾರೆ ಎಂದಿತು ಕ್ರೂಕ್. ತನಿಖೆ ನಡೆದಾಗ ಆ ಮಾತು ನಿಜವೆಂದು ಕಂಡುಬಂದು ಡರ್ಹಂ ಕೌಂಟಿಯ ಮುನ್ನೂರಕ್ಕೂ ಹೆಚ್ಚು ಆಟಗಾರರು ಅಮಾನತಾದರು. ಒಂದು ಜಿಲ್ಲೆಯಷ್ಟಿರುವ ಪ್ರದೇಶದಲ್ಲಿ ಮುನ್ನೂರು ಜನ! ಇಷ್ಟು ಮಂದಿ ಒಟ್ಟಿಗೆ ಮುರಿಯುವ ನಿಯಮವಿದ್ದರೆ ಆಟಗಾರರ ನಡತೆಗಿಂತ ಮೊದಲು ನಿಯಮವನ್ನು ಅನುಮಾನಿಸಬೇಕು. ಸಂಘ ಅನುಮಾನಿಸಲಿಲ್ಲ. ಅಮಾನತು ತೆರವಾಯಿತು, ಹಣ ಕೊಡುವ ರೀತಿ ಇನ್ನಷ್ಟು ನಯವಾಯಿತು.

ಪಂದ್ಯ ಮುಗಿದು ಸ್ನಾನವಾದ ಮೇಲೆ ಬೆಂಚಿನ ಕೆಳಗಿಂದ ಎತ್ತಿಕೊಂಡ ಬೂಟಿನೊಳಗೆ ಮಡಿಸಿದ ನೋಟು. ಯಾರು ಇಟ್ಟರೆಂದು ಆಡಿದವನು ಕೇಳುವುದಿಲ್ಲ, ಇಟ್ಟವನು ಹೇಳುವುದಿಲ್ಲ. ಇದಕ್ಕೆ ಬೂಟ್ ಮನಿ ಎಂದೇ ಹೆಸರು. ಇನ್ನೊಂದು ದಾರಿ ಪ್ರಯಾಣ ಭತ್ಯೆಯ ಚೀಟಿ. ನಾಲ್ಕು ಹೆಜ್ಜೆ ನಡೆದು ಬಂದವನೂ ದೂರದ ಊರಿನಿಂದ ರೈಲಿನಲ್ಲಿ ಬಂದಂತೆ ಬರೆಯಬಹುದಿತ್ತು. ಚಹಾ ತಿಂಡಿಯ ಲೆಕ್ಕವೂ ಹಾಗೆಯೇ ಉಬ್ಬುತ್ತಿತ್ತು. ಲೆಕ್ಕಪುಸ್ತಕದಲ್ಲಿ ಇವೆಲ್ಲ ಖರ್ಚು, ಮನೆಗೆ ಹೋದ ಮೇಲೆ ಸಂಬಳ. ಖಜಾಂಚಿಗೆ ಗೊತ್ತು, ರೆಫರಿಗೆ ಗೊತ್ತು, ವರದಿ ಬರೆಯುವ ಪತ್ರಕರ್ತನಿಗೂ ಗೊತ್ತು. ತೆರಿಗೆಯವರಿಗೆ ಮಾತ್ರ ಗೊತ್ತಾಗಬಾರದು.

ಇದನ್ನು ಭ್ರಷ್ಟಾಚಾರವೆಂದು ಜರೆಯಲು ನನಗೆ ಮನಸ್ಸು ಬರುವುದಿಲ್ಲ. 1954ರ ಫೈನಲ್ ನೋಡಿ. ಬಿಷಪ್ ಆಕ್ಲೆಂಡ್ ಮತ್ತು ಅದೇ ನೆರೆಯ ಕ್ರೂಕ್ ಟೌನ್, ಎರಡೂ ಊರುಗಳ ಜನರನ್ನು ಕೂಡಿಸಿದರೂ ವೆಂಬ್ಲಿ ತುಂಬದು. ಅಂದು ನೆರೆದವರು ಒಂದು ಲಕ್ಷ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಬಿಷಪ್ ಆಕ್ಲೆಂಡ್‌ನ ಜಿಮ್ಮಿ ನಿಮ್ಮಿನ್ಸ್ ಕಾಲು ಮುರಿದುಕೊಂಡ. ಬದಲಿ ಆಟಗಾರರ ಪದ್ಧತಿ ಆಗಿನ್ನೂ ಇಲ್ಲ, ಹತ್ತೇ ಜನ ಉಳಿದ ಹೊತ್ತನ್ನೆಲ್ಲ ಆಡಿ 2-2ಕ್ಕೆ ತಂದರು. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಮರುಪಂದ್ಯ, ಮತ್ತೆ 2-2. ಮಿಡಲ್ಸ್‌ಬರೋದ ಏರ್‌ಸಮ್ ಪಾರ್ಕಿನಲ್ಲಿ ಮೂರನೆಯದು, ಕ್ರೂಕ್ 1-0ರಿಂದ ಗೆದ್ದಿತು. ಮೂರೂ ಪಂದ್ಯಗಳಿಗೆ ಟಿಕೆಟ್ ಕೊಂಡು ಬಂದವರು ಎರಡು ಲಕ್ಷಕ್ಕೆ ಸ್ವಲ್ಪವೇ ಕಡಿಮೆ. ಆ ದುಡ್ಡಿನಲ್ಲಿ ಕ್ರೀಡಾಂಗಣದವರಿಗೆ ಪಾಲು, ಸಂಘಕ್ಕೆ ಪಾಲು, ಕ್ಲಬ್ಬಿಗೆ ಪಾಲು. ಮುರಿದ ಕಾಲಿನವನೂ ಸೇರಿದಂತೆ ಆಡಿದವರಿಗೆ ಮಾತ್ರ, ನಿಯಮದ ಪ್ರಕಾರ, ಏನೂ ಇಲ್ಲ. ಹೀಗಿರುವಾಗ ಬೂಟಿನೊಳಗೊಂದು ನೋಟು ಸಿಕ್ಕರೆ ಅದಕ್ಕೆ ಲಂಚ ಎನ್ನುವುದು ನ್ಯಾಯವಲ್ಲ.

ನಮ್ಮೂರ ಹುಡುಗರು ನಮ್ಮೂರಿಗಾಗಿ ಆಡಿದರು ಎಂಬ ನಂಬಿಕೆಯನ್ನೂ ಸ್ವಲ್ಪ ಕೆದಕಬೇಕು. ಲಿವರ್‌ಪೂಲಿನ ಮ್ಯಾನೇಜರಾಗಿ ಮೂರು ಯುರೋಪಿಯನ್ ಕಪ್ ಗೆದ್ದ ಬಾಬ್ ಪೈಸ್ಲಿ 1939ರಲ್ಲಿ ಬಿಷಪ್ ಆಕ್ಲೆಂಡ್‌ಗೆ ಅಮೆಚೂರ್ ಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ. ಅವನು ಅದೇ ಡರ್ಹಂ ಕೌಂಟಿಯ ಗಣಿ ಹಳ್ಳಿಯ ಹುಡುಗ, ನಿಜ. ಆದರೆ ಐವತ್ತರ ದಶಕದ ತಂಡದ ಬಣ್ಣವೇ ಬೇರೆ. ಷೀಮಸ್ ಓಕಾನೆಲ್ ಕಾರ್ಲೈಲ್ ಕಡೆಯ ದನದ ವ್ಯಾಪಾರಿಯ ಮಗ. 1954ರಲ್ಲಿ ಚೆಲ್ಸಿ ಪರ ಆಡಿದ ಮೊದಲ ಪಂದ್ಯದಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಮೂರು ಗೋಲು ಹೊಡೆದ, ಆದರೂ ವೃತ್ತಿಪರನಾಗಲು ಒಪ್ಪದೆ ಹವ್ಯಾಸಿಯಾಗಿಯೇ ಉಳಿದ. 1955ರ ಫೈನಲ್‌ನಲ್ಲಿ ಹೆಂಡನ್ ವಿರುದ್ಧದ ಎರಡೂ ಗೋಲು ಹೊಡೆದ ಡೆರೆಕ್ ಲೆವಿನ್ ಪೆನೈನ್ ಬೆಟ್ಟಸಾಲಿನ ಆಚೆಯ ಲ್ಯಾಂಕಾಷೈರಿನವನು. ವಾರೆನ್ ಬ್ರಾಡ್ಲಿ ಚೆಷೈರಿನಲ್ಲಿ ಹುಟ್ಟಿ ಡರ್ಹಂ ವಿಶ್ವವಿದ್ಯಾಲಯಕ್ಕೆ ಓದಲು ಬಂದವನು. ಇಡೀ ಉತ್ತರ ಇಂಗ್ಲೆಂಡಿನಿಂದ ಆಯ್ದು ತಂದ ತಂಡ ಇದು.

ಇಂಥವರು ವೃತ್ತಿಪರ ಕ್ಲಬ್ಬುಗಳಿಗೆ ಏಕೆ ಹೋಗಲಿಲ್ಲ? ಪ್ರೀತಿಯಿಂದ ಎನ್ನಬಹುದು, ಪ್ರೀತಿ ಇದ್ದೇ ಇತ್ತು. ಆದರೆ ಆ ಪ್ರೀತಿಯನ್ನು ಸುಲಭ ಮಾಡಿಕೊಟ್ಟ ಒಂದು ಲೆಕ್ಕವೂ ಇತ್ತು. ಆಗ ಇಂಗ್ಲೆಂಡಿನಲ್ಲಿ ವೃತ್ತಿಪರ ಆಟಗಾರನ ಸಂಬಳಕ್ಕೆ ಮಿತಿ ಹಾಕಿದ್ದರು. 1958ರಲ್ಲಿ ಅದು ವಾರಕ್ಕೆ 20 ಪೌಂಡ್, ಅದಕ್ಕೂ ಮುಂಚೆ ಇನ್ನೂ ಕಡಿಮೆ. ಎಂಥ ಗಂಡುಗಲಿಯಾದರೂ ಅದಕ್ಕಿಂತ ಒಂದು ಪೆನ್ನಿ ಹೆಚ್ಚು ಕೇಳುವಂತಿರಲಿಲ್ಲ. ಮೇಷ್ಟರ ಕೆಲಸವೋ ವ್ಯಾಪಾರವೋ ಕೈಯಲ್ಲಿದ್ದು, ಶನಿವಾರ ಸಂಜೆ ಬೂಟಿನೊಳಗೂ ಒಂದಿಷ್ಟು ಸಿಗುವುದಾದರೆ ಹವ್ಯಾಸಿಯಾಗಿರುವುದೇ ಜಾಣತನ. ಮೊಣಕಾಲು ಕೈಕೊಟ್ಟರೂ ನೌಕರಿ ಉಳಿಯುತ್ತದೆ. ಹೀಗೆ ದೊಡ್ಡ ಕ್ಲಬ್ಬುಗಳು ತಮ್ಮ ಆಟಗಾರರಿಗೆ ಮಾಡಿದ ಅನ್ಯಾಯವೇ ಬಿಷಪ್ ಆಕ್ಲೆಂಡ್‌ನ ಬಂಡವಾಳವಾಯಿತು. ಅದೇ ಬಲದ ಮೇಲೆ 1954-55ರ ಎಫ್.ಎ. ಕಪ್‌ನಲ್ಲಿ ಅದು ವೃತ್ತಿಪರ ಕ್ರಿಸ್ಟಲ್ ಪ್ಯಾಲೇಸನ್ನು ಅದರ ಮನೆಯಂಗಳದಲ್ಲೇ 4-2ರಿಂದ ಸೋಲಿಸಿತು, ಎರಡನೇ ದರ್ಜೆಯ ಇಪ್ಸ್‌ವಿಚ್ ಟೌನನ್ನು ಮರುಪಂದ್ಯದಲ್ಲಿ 3-0ರಿಂದ ಮಣ್ಣುಮುಕ್ಕಿಸಿತು. ಯಾರ್ಕ್ ಸಿಟಿ ತಡೆಯದಿದ್ದರೆ ಓಟ ಇನ್ನೂ ಮುಂದುವರಿಯುತ್ತಿತ್ತು.

ಇಲ್ಲಿ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. 1951ರ ಫೈನಲ್‌ನಲ್ಲಿ, ಅದೂ ಒಂದು ಲಕ್ಷ ಜನರೆದುರು, ಬಿಷಪ್ ಆಕ್ಲೆಂಡನ್ನು 2-1ರಿಂದ ಸೋಲಿಸಿದ್ದು ಪೆಗಸಸ್. ರಸಾಯನ ವಿಜ್ಞಾನಿ ಹೆರಾಲ್ಡ್ ಥಾಂಪ್ಸನ್ 1948ರಲ್ಲಿ ಕಟ್ಟಿದ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹುಡುಗರ ಜಂಟಿ ತಂಡ ಅದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹುಡುಗರು ಹುಟ್ಟುಹಾಕಿದ ಕ್ಲಬ್ಬನ್ನು ಅವರದೇ ಮೊಮ್ಮಕ್ಕಳ ಕಾಲದವರು ಬಂದು ಸೋಲಿಸಿದರು. ಪತ್ರಿಕೆಗಳು ಪೆಗಸಸ್ಸನ್ನು ಹವ್ಯಾಸಿ ಆದರ್ಶದ ಪುನರುತ್ಥಾನವೆಂದು ಹೊಗಳಿದವು. ವಿಶ್ವವಿದ್ಯಾಲಯದ ಖರ್ಚಿನಲ್ಲಿ ಓದುವವನು ಹವ್ಯಾಸಿ, ಗಣಿಯ ಕೂಲಿ ಬಿಟ್ಟು ಬಂದವನ ಮೇಲೆ ಮಾತ್ರ ಸಂಶಯ.

1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವಿಮಾನ ಅಪಘಾತಕ್ಕೀಡಾಯಿತು. ಎಂಟು ಆಟಗಾರರು ತೀರಿಕೊಂಡರು, ಮ್ಯಾನೇಜರ್ ಮ್ಯಾಟ್ ಬಸ್ಬಿ ಸಾವುಬದುಕಿನ ನಡುವೆ ಆಸ್ಪತ್ರೆಯಲ್ಲಿದ್ದರು. ಮೀಸಲು ತಂಡದಲ್ಲಿ ಉಳಿದವರನ್ನು ಮೇಲಕ್ಕೆ ಎಳೆದುಕೊಂಡ ಮೇಲೆ ಮೀಸಲು ತಂಡವೇ ಖಾಲಿ. ಆಗ ಯುನೈಟೆಡ್ ಆಟಗಾರರನ್ನು ಎರವಲು ಪಡೆದದ್ದು ಬಿಷಪ್ ಆಕ್ಲೆಂಡ್‌ನಿಂದ: ಲೆವಿನ್, ಬ್ರಾಡ್ಲಿ ಮತ್ತು ಹಳೆಯ ನಾಯಕ ಬಾಬ್ ಹಾರ್ಡಿಸ್ಟಿ. ಹಾರ್ಡಿಸ್ಟಿಗೆ ಆಗ ವಯಸ್ಸು ಮೂವತ್ತೇಳು, ಆಟದಿಂದ ಹೆಚ್ಚುಕಡಿಮೆ ನಿವೃತ್ತ. ಬ್ರಾಡ್ಲಿ ಮುಂದೆ ಯುನೈಟೆಡ್‌ನ ಮೊದಲ ತಂಡಕ್ಕೇ ಏರಿದ. 1959ರಲ್ಲಿ ಇಂಗ್ಲೆಂಡಿನ ಹವ್ಯಾಸಿ ತಂಡ ಮತ್ತು ಪೂರ್ಣ ರಾಷ್ಟ್ರೀಯ ತಂಡ ಎರಡಕ್ಕೂ ಒಂದೇ ಋತುವಿನಲ್ಲಿ ಆಡಿದ. ಆಟದ ಜೊತೆಗೆ ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದ.

ಬಸ್ಬಿಗೂ ಹಾರ್ಡಿಸ್ಟಿಗೂ ಪರಿಚಯ ಹಳೆಯದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಹವ್ಯಾಸಿ ತಂಡವನ್ನು ಪಳಗಿಸಿದ್ದು ಬಸ್ಬಿ, ಅದರಲ್ಲಿ ಹಾರ್ಡಿಸ್ಟಿ ಇದ್ದ. ಕನ್ನಡಿಗರಿಗೂ ಆ ಒಲಿಂಪಿಕ್ಸ್‌ನಲ್ಲಿ ಒಂದು ಎಳೆ ಸಿಗುತ್ತದೆ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡ, ಬಹುತೇಕರು ಬರಿಗಾಲಲ್ಲೇ, ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ನಮ್ಮನ್ನು ಸೋಲಿಸಿದ ಫ್ರಾನ್ಸನ್ನು ಮುಂದಿನ ಸುತ್ತಿನಲ್ಲಿ 1-0ರಿಂದ ಮನೆಗೆ ಕಳಿಸಿದ್ದು ಬಸ್ಬಿಯ ತಂಡ.

ಇಷ್ಟಾದ ಮೇಲೆ ಕುಸಿತ ಹೇಗೆ ಬಂತು? ಮೊದಲ ಪೆಟ್ಟು 1961ರ ಜನವರಿಯಲ್ಲಿ. ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿ ಸಂಬಳದ ಮಿತಿಯನ್ನು ತೆಗೆಸಿತು. ಫುಲ್‌ಹಮ್‌ನ ಜಾನಿ ಹೇನ್ಸ್‌ಗೆ ಇದ್ದಕ್ಕಿದ್ದಂತೆ ವಾರಕ್ಕೆ 100 ಪೌಂಡ್ ಆಯಿತು. ಮುಂದಿನ ಓಕಾನೆಲ್‌ಗೆ ಹವ್ಯಾಸಿಯಾಗಿ ಉಳಿಯುವ ಯಾವ ಕಾರಣವೂ ಇರಲಿಲ್ಲ. ಅದೇ ಹೊತ್ತಿಗೆ ಪಶ್ಚಿಮ ಡರ್ಹಂನ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕೌಂಟಿ ಆಡಳಿತ 1951ರ ತನ್ನ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ‘ಡಿ ವರ್ಗ’ಕ್ಕೆ ಸೇರಿಸಿತ್ತು. ಇವುಗಳಿಗೆ ಇನ್ನು ಹೊಸ ಮನೆಯಿಲ್ಲ, ಹೊಸ ಸೌಕರ್ಯವಿಲ್ಲ, ತಾವಾಗಿ ಕರಗಿಹೋಗಲಿ ಎಂದು ಅದರ ಅರ್ಥ. ಬಿಷಪ್ ಆಕ್ಲೆಂಡ್‌ಗೆ ಹತ್ತಿರದ ವಿಟನ್ ಪಾರ್ಕ್ ಕೂಡ ಆ ಪಟ್ಟಿಯಲ್ಲಿತ್ತು. ಶನಿವಾರ ಮೈದಾನ ತುಂಬುತ್ತಿದ್ದ ಜನ ಹೊಸ ಊರುಗಳ ಕಡೆ ಗಂಟುಮೂಟೆ ಕಟ್ಟಿದರು. ಇದಕ್ಕೆ ಆಟದೊಳಗಿನ ದುಡ್ಡನ್ನು ದೂರಿ ಏನು ಪ್ರಯೋಜನ? 1974ರಲ್ಲಿ ಎಫ್.ಎ. ಹವ್ಯಾಸಿ ಮತ್ತು ವೃತ್ತಿಪರ ಎಂಬ ಭೇದವನ್ನೇ ಅಳಿಸಿಹಾಕಿದಾಗ ಸತ್ತದ್ದು ಅದಾಗಲೇ ಟೊಳ್ಳಾಗಿದ್ದ ಒಂದು ಸೋಗು. ಬೂಟಿನೊಳಗೆ ಇಡುತ್ತಿದ್ದುದನ್ನು ಮೇಜಿನ ಮೇಲಿಟ್ಟು ರಸೀದಿ ಹಾಕಿ ಕೊಡುವಂತಾಯಿತು, ಅಷ್ಟೆ.

ಇಲ್ಲಿಂದ ಮುಂದಿನದನ್ನು ಮಾತ್ರ ಕಾಲದ ತಲೆಗೆ ಕಟ್ಟಲಾಗದು. 1979ರಲ್ಲಿ ಅಲಯನ್ಸ್ ಪ್ರೀಮಿಯರ್ ಲೀಗ್ ಎಂಬ ರಾಷ್ಟ್ರಮಟ್ಟದ ಲೀಗ್ ಹುಟ್ಟಿತು. ಚದುರಿಹೋಗಿದ್ದ ಲೀಗುಗಳೆಲ್ಲ ಒಂದರ ಕೆಳಗೊಂದು ಮೆಟ್ಟಿಲಾಗತೊಡಗಿದವು. 1987ರಿಂದ ಮೇಲಿನ ಮೆಟ್ಟಿಲಿನಲ್ಲಿ ಗೆದ್ದವರಿಗೆ ಫುಟ್‌ಬಾಲ್ ಲೀಗಿಗೆ ನೇರ ಬಡ್ತಿ. ಮೊದಲ ಬಡ್ತಿ ಸ್ಕಾರ್ಬರೋ ಪಟ್ಟಣದ್ದು. ಈ ಏಣಿಯಲ್ಲಿ ಒಂದು ಮೆಟ್ಟಿಲಾಗಿ ಬನ್ನಿ ಎಂದು ಕರೆದಾಗ ನಾರ್ದರ್ನ್ ಲೀಗ್ ಒಲ್ಲೆ ಎಂದಿತು. 1889ರಿಂದ ನಡೆದುಬಂದವರು, ಹೋದ ವರ್ಷದ ಲೀಗಿನ ಕೆಳಗೆ ಕೂರುವುದೇ? 1978ರಲ್ಲಷ್ಟೇ ಅವರ ಬ್ಲೈತ್ ಸ್ಪಾರ್ಟನ್ಸ್ ಎಫ್.ಎ. ಕಪ್‌ನ ಐದನೇ ಸುತ್ತಿಗೆ ಹೋಗಿ ರೆಕ್ಸಮ್ ವಿರುದ್ಧದ ಮರುಪಂದ್ಯಕ್ಕೆ ಸೇಂಟ್ ಜೇಮ್ಸ್ ಪಾರ್ಕನ್ನು ತುಂಬಿಸಿತ್ತು. ನಮ್ಮ ಗುಣಮಟ್ಟಕ್ಕೆ ಯಾರ ಸರ್ಟಿಫಿಕೇಟೂ ಬೇಡ ಎನ್ನಿಸಿದ್ದು ಸಹಜ. ಬಿಷಪ್ ಆಕ್ಲೆಂಡ್ 1988ರಲ್ಲಿ ಬೇಸತ್ತು, ಏಣಿಯಲ್ಲಿದ್ದ ನಾರ್ದರ್ನ್ ಪ್ರೀಮಿಯರ್ ಲೀಗಿಗೆ ಹೋಯಿತು. ನಾರ್ದರ್ನ್ ಲೀಗ್ ಕೊನೆಗೂ 1991ರಲ್ಲಿ ಏಣಿಗೆ ಸೇರಿಕೊಂಡಾಗ ಸಿಕ್ಕಿದ್ದು ಕೆಳಗಿನ ಮೆಟ್ಟಿಲು. ಅಷ್ಟರಲ್ಲಿ ಮೇಲಿನ ಜಾಗಗಳಲ್ಲಿ ಬೇರೆಯವರು ಕೂತಾಗಿತ್ತು.

ನಾರ್ದರ್ನ್ ಲೀಗಿನ ಪರ ವಾದವೂ ಗಟ್ಟಿಯಾದದ್ದೇ. ನೆರೆಯೂರಿನ ತಂಡದೊಡನೆ ಆಡಿದರೆ ಬಸ್ ಖರ್ಚು ಕಡಿಮೆ, ಎದುರಾಳಿಯ ಬೆಂಬಲಿಗರೂ ಬರುತ್ತಾರೆ. ಮೇಲೇರಿದರೆ ಮಂಗಳವಾರ ರಾತ್ರಿ ನೂರಾರು ಮೈಲಿ ದೂರದ ಊರಿನಲ್ಲಿ ಆಡಿ ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು. ಕೆಳಹಂತದ ಕ್ಲಬ್ಬುಗಳಿಗಾಗಿ ಇರುವ ಎಫ್.ಎ. ವೇಸ್ ಕಪ್ಪನ್ನು 2009ರಿಂದ 2017ರವರೆಗಿನ ಒಂಬತ್ತು ವರ್ಷಗಳಲ್ಲಿ ಎಂಟು ಸಲ ಗೆದ್ದದ್ದು ನಾರ್ದರ್ನ್ ಲೀಗಿನ ಕ್ಲಬ್ಬುಗಳು. ಇದನ್ನು ಹಿರಿಮೆಯೆಂದು ಹೇಳಿಕೊಳ್ಳುವವರಿದ್ದಾರೆ. ನನಗೆ ಇದು ತದ್ವಿರುದ್ಧದ ಸಾಕ್ಷಿಯಾಗಿ ಕಾಣುತ್ತದೆ: ಹತ್ತನೇ ತರಗತಿಗೆ ಹೋಗಬೇಕಾದವನು ಏಳರಲ್ಲೇ ಉಳಿದು ವರ್ಷವರ್ಷವೂ ಮೊದಲ ಬಹುಮಾನ ತಂದಂತೆ. ಖರ್ಚಿನ ವಾದ ವಿಕಂಬ್‌ಗೂ ಅನ್ವಯಿಸುತ್ತಿತ್ತು. ಅದೂ ಮೊದಮೊದಲು ಹಿಂಜರಿಯಿತು, 1985ರಲ್ಲಿ ಧೈರ್ಯಮಾಡಿ ಹತ್ತಿತು.

ಆದರೆ ವಿಕಂಬ್‌ನ ಧೈರ್ಯಕ್ಕೆ ಒಂದು ಆಧಾರವಿತ್ತು. ಅದರ ಹಿಂದಿನ ನಾಯಕ ಫ್ರಾಂಕ್ ಆಡಮ್ಸ್ ಎಂಬಾತ ಕ್ಲಬ್ಬು ಆಡುತ್ತಿದ್ದ ಲೋಕ್ಸ್ ಪಾರ್ಕ್ ಮೈದಾನವನ್ನು ಕೊಂಡು 1947ರಲ್ಲಿ ಕ್ಲಬ್ಬಿಗೇ ದಾನ ಮಾಡಿದ್ದ. ಲೋಕ್ಸ್ ಪಾರ್ಕ್ ಇಳಿಜಾರಿನ ಮೈದಾನ, ಆಟಕ್ಕೆ ಅಷ್ಟೇನೂ ಹೇಳಿಮಾಡಿಸಿದ್ದಲ್ಲ. ಆದರೆ ಊರ ನಡುವಿನ ಸ್ವಂತ ಜಾಗ. ಕಾಲ ಬಂದಾಗ ಅದನ್ನು ಬಿಟ್ಟುಕೊಟ್ಟು 1990ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹೋದರು, ಅದಕ್ಕೆ ಆಡಮ್ಸ್ ಪಾರ್ಕ್ ಎಂದೇ ಹೆಸರಿಟ್ಟರು. ಮೂರೇ ವರ್ಷಕ್ಕೆ ಫುಟ್‌ಬಾಲ್ ಲೀಗ್. 1957ರ ಸೋಲಿಗೂ 1993ರ ಬಡ್ತಿಗೂ ನಡುವೆ ವಿಕಂಬ್ ಗೆದ್ದ ಪಂದ್ಯಗಳೆಲ್ಲಕ್ಕಿಂತ ಆ ದಾನಪತ್ರ ದೊಡ್ಡದು ಎಂದರೆ ಅತಿಶಯೋಕ್ತಿಯಲ್ಲ.

ಬಿಷಪ್ ಆಕ್ಲೆಂಡ್‌ನ ಕಿಂಗ್ಸ್‌ವೇ ಮೈದಾನವೂ ಊರ ನಡುವೆಯೇ ಇತ್ತು, ಆದರೆ ಕ್ರಿಕೆಟ್ ಕ್ಲಬ್ಬಿನ ಜೊತೆ ಹಂಚಿಕೊಂಡದ್ದು. ಬೇಸಿಗೆಯಲ್ಲಿ ಅವರ ಬೌಂಡರಿ, ಚಳಿಗಾಲದಲ್ಲಿ ಇವರ ಟಚ್‌ಲೈನ್. ಹವ್ಯಾಸಿ ಕಾಲದಲ್ಲಿ ಅದು ಸಾಕಿತ್ತು. ಏಣಿಯ ಪ್ರತಿ ಮೆಟ್ಟಿಲಿಗೂ ಮೈದಾನದ ದರ್ಜೆ ಕಡ್ಡಾಯವಾದ ಮೇಲೆ ಸಾಲಲಿಲ್ಲ: ಸುತ್ತಲೂ ಬೇಲಿ ಬೇಕು, ಆಸನ ಬೇಕು, ನೆರಳು ಬೇಕು, ದೀಪ ಬೇಕು. ಹಂಚಿಕೊಂಡ ನೆಲದಲ್ಲಿ ಒಂದು ಗೋಡೆ ಕಟ್ಟುವುದಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕು. ಈ ಶತಮಾನದ ಆರಂಭದಲ್ಲಿ ಕ್ಲಬ್ಬು ಕಿಂಗ್ಸ್‌ವೇ ಬಿಟ್ಟಿತು. ಹೆಚ್ಚುಕಡಿಮೆ ಒಂದು ದಶಕ ಶಿಲ್ಡನ್, ಸ್ಪೆನಿಮೂರ್ ಮುಂತಾಗಿ ನೆರೆಯವರ ಅಂಗಳಗಳಲ್ಲಿ ಬಿಡಾರ ಹೂಡಿ ಆಡಿತು. ತವರಿನ ಪಂದ್ಯವನ್ನು ಬದ್ಧವೈರಿಯ ಮೈದಾನದಲ್ಲಿ, ಅವನಿಗೆ ಬಾಡಿಗೆ ಕೊಟ್ಟು ಆಡುವ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. ಅಪ್ಪನ ಕೈಹಿಡಿದು ನಡೆದು ಮೈದಾನಕ್ಕೆ ಹೋಗುವ ಮಗುವೇ ಮುಂದಿನ ಬೆಂಬಲಿಗ. ನಡೆದು ಹೋಗುವಷ್ಟು ಹತ್ತಿರ ಮೈದಾನವೇ ಇಲ್ಲದಿದ್ದರೆ ಒಂದಿಡೀ ಪೀಳಿಗೆ ಟಿ.ವಿ.ಯ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಒಲಿಯುತ್ತದೆ. 2006ರಲ್ಲಿ ಕ್ಲಬ್ಬು ಹಿಂಬಡ್ತಿ ಪಡೆದು ಮತ್ತೆ ನಾರ್ದರ್ನ್ ಲೀಗಿಗೇ ಇಳಿಯಿತು. 2010ರಲ್ಲಿ ಊರ ಅಂಚಿನಲ್ಲಿ ಹೆರಿಟೇಜ್ ಪಾರ್ಕ್ ಎಂಬ ಹೊಸ ಮೈದಾನ ತೆರೆಯಿತು. ಹೆಸರು ಚೆನ್ನಾಗಿದೆ. ಆದರೆ ಪರಂಪರೆ ಎಂದು ಕರೆಸಿಕೊಳ್ಳುವ ಕಾಲ ಬರುವ ಮೊದಲೇ ಅದನ್ನು ಕಟ್ಟಬೇಕಿತ್ತು.

ಏಣಿ ಏರಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದೂ ಹೇಳುವಂತಿಲ್ಲ. ಅದಕ್ಕೆ ವಿಂಬಲ್ಡನ್ ಕ್ಲಬ್ಬೇ ಸಾಕ್ಷಿ. 1963ರಲ್ಲಿ ಅಮೆಚೂರ್ ಕಪ್ ಗೆದ್ದು, ಮರುವರ್ಷವೇ ವೃತ್ತಿಪರವಾಗಿ, 1977ರಲ್ಲಿ ಫುಟ್‌ಬಾಲ್ ಲೀಗಿಗೆ, 1986ರಲ್ಲಿ ಅತ್ಯುನ್ನತ ದರ್ಜೆಗೆ ಏರಿತು. 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್.ಎ. ಕಪ್ ಗೆದ್ದಿತು. ಹವ್ಯಾಸಿಯಾಗಿದ್ದ ಕ್ಲಬ್ಬೊಂದಕ್ಕೆ ಇದು ಅಪರೂಪದ ಎತ್ತರ. 1991ರಲ್ಲಿ ತಂಡ ತನ್ನ ಪ್ಲೌ ಲೇನ್ ಮೈದಾನವನ್ನು ತೊರೆಯಿತು, ಮುಂದೆ ಮಾಲೀಕರು ಆ ನೆಲವನ್ನು ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಿದರು. ನೆಲೆ ತಪ್ಪಿದ ಕ್ಲಬ್ಬನ್ನು 2003ರಲ್ಲಿ ಎತ್ತಿಕೊಂಡು ಹೋಗಿ ಮಿಲ್ಟನ್ ಕೀನ್ಸ್ ಎಂಬ ದೂರದ ಊರಿನಲ್ಲಿ ನೆಟ್ಟರು. ಬೆಂಬಲಿಗರು ಅದರ ಹಿಂದೆ ಹೋಗಲಿಲ್ಲ. 2002ರಲ್ಲೇ ಎ.ಎಫ್.ಸಿ. ವಿಂಬಲ್ಡನ್ ಎಂಬ ತಮ್ಮದೇ ಕ್ಲಬ್ಬು ಕಟ್ಟಿ, ಒಂಬತ್ತನೇ ಮೆಟ್ಟಿಲಿನಿಂದ ಶುರುಮಾಡಿ, 2011ರಲ್ಲಿ ಫುಟ್‌ಬಾಲ್ ಲೀಗಿಗೂ 2020ರಲ್ಲಿ ಪ್ಲೌ ಲೇನ್ ಬೀದಿಗೂ ಮರಳಿದರು. ವಿಂಬಲ್ಡನ್‌ಗೆ ಏಣಿ ಇತ್ತು, ನೆಲ ಜಾರಿತು. ಬಿಷಪ್ ಆಕ್ಲೆಂಡ್‌ಗೆ ಎರಡೂ ತಡವಾಗಿ ಸಿಕ್ಕಿದವು.

ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರು ಬಿಷಪ್ ಆಕ್ಲೆಂಡ್‌ನ ಪಕ್ಕದ ಹಳ್ಳಿ ವೆಸ್ಟ್ ಆಕ್ಲೆಂಡ್ ಕಡೆ ನೋಡಬೇಕು. ಅದರ ಕತೆಯನ್ನು ಸಿನಿಮಾದವರು ಬಿಟ್ಟಿಲ್ಲ, ನಾನೇಕೆ ಬಿಡಲಿ. ಚಹಾ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್, ಹೌದು, ನಮ್ಮ ಅಂಗಡಿಗಳ ಆ ಹಳದಿ ಪೊಟ್ಟಣದ ಲಿಪ್ಟನ್, ಇಟಲಿಯ ಟ್ಯೂರಿನ್‌ನಲ್ಲಿ ಒಂದು ಅಂತರರಾಷ್ಟ್ರೀಯ ಪಂದ್ಯಾವಳಿಗೆ ಬೆಳ್ಳಿಯ ಟ್ರೋಫಿ ಕೊಟ್ಟಿದ್ದ. ವಿಶ್ವಕಪ್ ಹುಟ್ಟುವುದಕ್ಕೆ ಎರಡು ದಶಕ ಮುಂಚೆ, 1909ರಲ್ಲಿ, ಗಣಿ ಕೆಲಸಗಾರರ ಈ ತಂಡ ಅದನ್ನು ಗೆದ್ದಿತು. 1911ರಲ್ಲಿ ಮತ್ತೆ ಹೋಗಿ ಯುವೆಂಟಸನ್ನು 6-1ರಿಂದ ಸೋಲಿಸಿತು. ವಾಪಸು ಬಂದಾಗ ಪ್ರಯಾಣದ ಸಾಲ ತೀರಿಸಲು ಗತಿಯಿಲ್ಲದೆ ಟ್ರೋಫಿಯನ್ನು ಊರಿನ ಹೋಟೆಲಿನೊಡತಿಯ ಬಳಿ 40 ಪೌಂಡಿಗೆ ಅಡವಿಟ್ಟರು. ಬಿಡಿಸಿಕೊಳ್ಳಲು ಅರ್ಧ ಶತಮಾನ ಹಿಡಿಯಿತು. ಕೊನೆಗೆ 1994ರಲ್ಲಿ ಅದನ್ನು ಯಾರೋ ಕದ್ದರು. ದುಡ್ಡಿಲ್ಲದ ಆಟದ ಚಿನ್ನದ ಯುಗ ಎಂದು ನಾವು ಕರೆಯುವ ಕಾಲದಲ್ಲಿ ಗೆದ್ದವರ ಸ್ಥಿತಿ ಇದು.

ಹಾಗಾಗಿ ಸಣ್ಣ ಊರಿನ ಕ್ಲಬ್ಬುಗಳನ್ನು ಉಳಿಸಬೇಕೆಂದು ಮರುಗುವವರು ಆಟಗಾರರ ಸಂಬಳವನ್ನು ಬಿಟ್ಟು ನೆಲದ ಕಾಗದಪತ್ರ ನೋಡಬೇಕು. ಬ್ರಿಟನ್ನಿನ ಸಂಸತ್ತು 2025ರಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಮಾಡಿ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದನ್ನು ಸ್ಥಾಪಿಸಿದೆ. ಇನ್ನು ಮುಂದೆ ಕ್ಲಬ್ಬಿನ ಮಾಲೀಕ ನಿಯಂತ್ರಕರ ಒಪ್ಪಿಗೆಯಿಲ್ಲದೆ ತವರು ಮೈದಾನವನ್ನು ಮಾರುವಂತಿಲ್ಲ. ವಿಂಬಲ್ಡನ್‌ನಂಥ ಪ್ರಕರಣಗಳ ಪಾಠ ಅದರಲ್ಲಿದೆ. ಆದರೆ ಆ ಕಾಯ್ದೆಯ ಕೈ ಚಾಚುವುದು ಮೇಲಿನ ಐದು ಮೆಟ್ಟಿಲುಗಳಿಗೆ ಮಾತ್ರ. ಅದರ ಕೆಳಗಿರುವ ನೂರಾರು ಕ್ಲಬ್ಬುಗಳಿಗೆ ಆಸರೆಯಾಗಿ ಬಂದದ್ದು 2011ರ ಸ್ಥಳೀಯತಾ ಕಾಯ್ದೆ. ಮೈದಾನವನ್ನು ಸಮುದಾಯದ ಆಸ್ತಿಯೆಂದು ಪಟ್ಟಿಗೆ ಸೇರಿಸಿದರೆ, ಅದನ್ನು ಮಾರಲು ಹೊರಟಾಗ ಊರಿನವರಿಗೆ ಹಣ ಹೊಂದಿಸಲು ಅದು ಆರು ತಿಂಗಳ ಗಡುವು ಕೊಟ್ಟಿತು. ಹಣ ಹೊಂದಿಸಿದರೂ ಊರಿನವರಿಗೇ ಮಾರಬೇಕೆಂದು ಆ ಕಾಯ್ದೆ ಹೇಳಲಿಲ್ಲ. ಕೋಟ್ಯಂತರ ಪೌಂಡಿನ ವಹಿವಾಟು ನಡೆಸುವವರ ಮೈದಾನಕ್ಕೆ ಕಾವಲು ಹಾಕಿ, ಟಿಕೆಟ್ ಮಾರುವವನೇ ಹುಲ್ಲು ಕತ್ತರಿಸುವ ಕ್ಲಬ್ಬಿನ ಮೈದಾನವನ್ನು ಬೀಗವಿಲ್ಲದೆ ಬಿಟ್ಟಂತಾಗಿದೆ. ಐದನೇ ಮೆಟ್ಟಿಲಿನ ಕೆಳಗೆ ಎಳೆದ ಆ ಗೆರೆಯನ್ನು ಏಣಿಯ ಬುಡದವರೆಗೂ ಇಳಿಸಲು ಹೊಸ ಇಲಾಖೆ ಬೇಕಿಲ್ಲ, ಮೈದಾನ ಮಾರಾಟದ ಒಂದು ವಿಧಿಯನ್ನು ಎಲ್ಲ ಮೆಟ್ಟಿಲಿಗೂ ಅನ್ವಯಿಸಿದರೆ ಸಾಕು.